ಹಾಡಿಗೆ ಮಾರ್ಕ್ಸ್ ಹಾಕೋರು ಯಾರು?

ಈ ಸಲದ ರಾಜ್ಯೋತ್ಸವದ ಗಾಯನ ಸ್ಪರ್ಧೆಗೆ ಜಡ್ಜ್‌ಗಳೇ ಬೇಡ ಅನ್ನೋ ಸಲಹೆ ನಮ್ಮ ಸಂಘದ ಗ್ರೂಪಿಗೆ ಬಂದಿದೆ. ಸ್ಟೇಜ್ ಪಕ್ಕ ಒಂದು ಕ್ಯೂಆರ್ ಕೋಡ್ ಅಂಟಿಸೋದು, ಎಲ್ಲರೂ ಸ್ಕ್ಯಾನ್ ಮಾಡಿ ಓಟು ಹಾಕೋದು, ಯಾರಿಗೆ ಜಾಸ್ತಿ ಬಂತೋ ಅವರ ಕೈಗೆ ಟ್ರೋಫಿ. ಮೆಸೇಜ್ ಬಂದ ಅರ್ಧ ಗಂಟೆಯಲ್ಲಿ ಅದರ ಕೆಳಗೆ ಬೆಂಕಿ, ಚಪ್ಪಾಳೆ, ಹಾರ್ಟುಗಳ ರಾಶಿ ಬಿತ್ತು. ನಾವು ಕೆಲವರು ಮಾತ್ರ ಏನೂ ಒತ್ತಲಿಲ್ಲ. ಯಾಕೆ ಅಂತ ಗ್ರೂಪಿನಲ್ಲೇ ಹೇಳೋಣ ಅಂದ್ರೆ, ನಾಲ್ಕು ಸಾಲು ಬರೆಯೋಷ್ಟರಲ್ಲಿ ಇಂಟರ್ನಲ್ಸ್ ಟೈಮ್‌ಟೇಬಲ್ ಬಂದು ಎಲ್ಲಾ ಮೇಲೆ ಹೋಗಿಬಿಡುತ್ತೆ. ಅದಕ್ಕೆ ಇಲ್ಲಿ ಬರೀತಾ ಇದ್ದೇವೆ. ಸ್ವಲ್ಪ ಉದ್ದ ಆಗುತ್ತೆ, ಹೊಳೆಹೊನ್ನೂರು ಬಸ್ಸಿಗೆ ಕಾಯುವಾಗ ಓದಿ.

ಸಲಹೆ ಕೊಟ್ಟವರ ಸಿಟ್ಟು ನಮಗೂ ಅರ್ಥವಾಗುತ್ತೆ. ಕಳೆದ ವರ್ಷ ಫಲಿತಾಂಶ ಓದಿದಾಗ ಹಿಂದಿನ ಸಾಲುಗಳಿಂದ ಎದ್ದ ಕೂಗು ಯಾರಿಗೂ ಮರೆತಿಲ್ಲ. ಇಡೀ ಹಾಲ್ ಕುರ್ಚಿ ಬಿಟ್ಟು ಎದ್ದು ಕುಣಿದ ಹಾಡಿಗೆ ಸಮಾಧಾನಕರ ಬಹುಮಾನ, ಎಲ್ಲರೂ ಫೋನ್ ನೋಡ್ತಾ ಕೂತಿದ್ದಾಗ ಹಾಡಿದ ಹಾಡಿಗೆ ಮೊದಲನೇದು. ಮೂವರು ಜಡ್ಜ್‌ಗಳಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನೋದು ಇವತ್ತಿಗೂ ಒಂದು ಲಕೋಟೆಯೊಳಗೇ ಇದೆ. ಹಾಗಿರುವಾಗ "ಜನ ಮೆಚ್ಚಿದ್ದೇ ಒಂದು, ಜಡ್ಜ್ ಮೆಚ್ಚಿದ್ದೇ ಇನ್ನೊಂದು, ನಮ್ಮನ್ನ ಎಂತಕ್ಕೆ ಕರೆದ್ರಿ?" ಅಂತ ಕೇಳೋದು ತಪ್ಪಲ್ಲ. ಆದರೆ ಈ ಜಗಳ ನಮ್ಮ ಸೆಮಿನಾರ್ ಹಾಲಿನಲ್ಲೇ ಹುಟ್ಟಿದ್ದು ಅಂತ ತಿಳ್ಕೋಬೇಡಿ. ಇದನ್ನೇ ಇಡೀ ಕರ್ನಾಟಕ 2019ರಲ್ಲಿ ಆಡಿದೆ.

ಜೀ ಕನ್ನಡದ ಸರಿಗಮಪ 15ನೇ ಸೀಸನ್ ನೆನಪಿದೆಯಾ? 2018ರ ಕೊನೆಯ ತಿಂಗಳುಗಳಲ್ಲಿ ಶುರುವಾಗಿ 2019ರ ಫೆಬ್ರವರಿಯಲ್ಲಿ ಮುಗಿದದ್ದು. ಆಗ ನಮ್ಮಲ್ಲಿ ಹೆಚ್ಚಿನವರು ಹೈಸ್ಕೂಲಿನಲ್ಲಿದ್ದೆವು. ಶನಿವಾರ ಭಾನುವಾರ ಸಂಜೆ ಓದೋಕೆ ಕೂರಿಸೋ ಅಪ್ಪಂದಿರೇ ಟಿವಿ ಮುಂದೆ ಕೂತಿರುತ್ತಿದ್ದ ಕಾಲ. ತೀರ್ಪುಗಾರರ ಕುರ್ಚಿಯಲ್ಲಿ ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ, ಎಲ್ಲರ ಮೇಲೆ ಮಹಾಗುರು ಹಂಸಲೇಖ, ನಿರೂಪಣೆ ಅನುಶ್ರೀ. ಅಂಥ ವೇದಿಕೆಗೆ ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ತಾಂಡಾದಿಂದ ಕುರಿ ಕಾಯುತ್ತಿದ್ದ ಹುಡುಗನೊಬ್ಬ ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನಿಂತ. ಹೆಸರು ಹನುಮಂತ. ಸಂಗೀತದ ಕ್ಲಾಸಿಗೆ ಹೋದವನಲ್ಲ. ಕುರಿ ಹಿಂದೆ ಹೋಗುತ್ತಾ ಹಾಡಿಕೊಂಡು ಬಂದ ಗಂಟಲು. ಎರಡು ವಾರ ಆಗೋಷ್ಟರಲ್ಲಿ ಅವನ ಜನಪದ ಹಾಡುಗಳ ವಿಡಿಯೋ ನಮ್ಮ ಮನೆಗಳ ವಾಟ್ಸಾಪಿನಲ್ಲಿ ಸುತ್ತೋಕೆ ಶುರುವಾಯಿತು.

ಫೈನಲ್‌ನಲ್ಲಿ ಗೆದ್ದಿದ್ದು ಕೀರ್ತನ್ ಹೊಳ್ಳ. ಹನುಮಂತಣ್ಣ ಎರಡನೇ ಸ್ಥಾನ.

ಮಾರನೇ ದಿನ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಶಾಲೆಯ ಜಗಲಿಯಲ್ಲಿ ಅದೇ ಮಾತು. ಒಂದು ಗುಂಪಿನ ವಾದ ಏನಂದ್ರೆ, ಹಾಡಿನ ಸ್ಪರ್ಧೆ ಅಂದ ಮೇಲೆ ಶ್ರುತಿ, ತಾಳ, ಬೇರೆ ಬೇರೆ ಶೈಲಿ ಹಾಡೋ ಶಕ್ತಿ ಎಲ್ಲಾ ನೋಡಬೇಕು, ಕೀರ್ತನ್ ಗೆದ್ದದ್ದೇ ಸರಿ. ಇನ್ನೊಂದು ಗುಂಪು, ಕೇಳಿದವರ ಕಣ್ಣಲ್ಲಿ ನೀರು ತರಿಸಿದ್ದು ಯಾರು ಅಂತ ಕೇಳುತ್ತಿತ್ತು. ನಮ್ಮ ಅಭಿಪ್ರಾಯ ಕೇಳಿದ್ರೆ, ಕೀರ್ತನ್ ಅವರ ಗೆಲುವನ್ನ 'ಕಸ್ಕೊಂಡಿದ್ದು' ಅಂತ ಕರೆದವರು ಅನ್ಯಾಯ ಮಾಡಿದರು. ವಾರ ವಾರ ಬೇರೆ ಬೇರೆ ಬಗೆಯ ಹಾಡು ತಗೊಂಡು ನಿಭಾಯಿಸೋದು ಸಣ್ಣ ಕೆಲಸ ಅಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ ನೋಡಿ. ಆರು ವರ್ಷದ ನಂತರ, 2025ರ ಜನವರಿಯಲ್ಲಿ, ಅದೇ ಹನುಮಂತಣ್ಣ ಬಿಗ್ ಬಾಸ್ ಕನ್ನಡ 11ನೇ ಸೀಸನ್ ಗೆದ್ದರು. ವೈಲ್ಡ್ ಕಾರ್ಡ್ ಮೂಲಕ ಅರ್ಧದಲ್ಲಿ ಒಳಗೆ ಹೋದವರು, ಬಂದ ಓಟು 5 ಕೋಟಿಗೂ ಹೆಚ್ಚು. ಹಾಡು ಗೊತ್ತಿದ್ದವರು ತೀರ್ಪು ಹೇಳುವ ಕಡೆ ಎರಡನೆಯವನಾದ ಮನುಷ್ಯ, ಜನರ ಓಟೇ ಎಲ್ಲಾ ಆಗಿರುವ ಕಡೆ ಮೊದಲನೆಯವನಾದ.

ಇದರಿಂದ ಏನು ತಿಳೀಬೇಕು? 'ಜನರೇ ಸರಿ' ಅಂತಲಾ? ನಮಗೆ ಹಾಗನ್ನಿಸೋದಿಲ್ಲ. ಎರಡು ಕಡೆ ಕೇಳಿದ ಪ್ರಶ್ನೆಯೇ ಬೇರೆ. ಒಂದು ಕಡೆ 'ಯಾರು ಚೆನ್ನಾಗಿ ಹಾಡಿದರು', ಇನ್ನೊಂದು ಕಡೆ 'ಯಾರು ನಿಮಗೆ ಇಷ್ಟ'. ಈ ಎರಡು ಪ್ರಶ್ನೆಗೂ ಒಂದೇ ಉತ್ತರ ಬರಬೇಕು ಅಂತ ಎಲ್ಲೂ ಬರೆದಿಲ್ಲ. ಬಾರದಿದ್ದಾಗ ಏನು ಮಾಡಬೇಕು ಅನ್ನೋದೇ ತಲೆನೋವು. ಈ ತಲೆನೋವನ್ನ ಎಪ್ಪತ್ತು ವರ್ಷದಿಂದ ಇಟ್ಟುಕೊಂಡು ಒದ್ದಾಡುತ್ತಿರುವವರು ಇನ್ನೊಬ್ಬರಿದ್ದಾರೆ. ಅವರ ಲೆಕ್ಕಪತ್ರ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಓದೋಕೆ ಮಜಾ ಇದೆ.

ಯೂರೋವಿಷನ್ ಅಂತ ಒಂದು ಹಾಡಿನ ಸ್ಪರ್ಧೆ. ಯುರೋಪಿನ ಸರ್ಕಾರಿ ಹಾಗೂ ಸಾರ್ವಜನಿಕ ಟಿವಿ, ರೇಡಿಯೋಗಳ ಒಕ್ಕೂಟ ನಡೆಸೋದು. ನಮ್ಮ ದೂರದರ್ಶನ, ಆಕಾಶವಾಣಿ ಥರದ ಸಂಸ್ಥೆಗಳೆಲ್ಲ ಸೇರಿ ಒಂದು ಜಾತ್ರೆ ಮಾಡಿದ ಹಾಗೆ. ಒಂದೊಂದು ದೇಶ ಒಂದೊಂದು ಹೊಸ ಹಾಡು ಕಳಿಸುತ್ತೆ. ಮೊದಲ ಸಲ ನಡೆದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ, 7 ದೇಶ. ಆ ವರ್ಷದ ವಿಚಾರ ಕೇಳಿ: ಅಂಕ ಎಲ್ಲಾ ಗುಟ್ಟು, ಗೆದ್ದವರ ಹೆಸರು ಮಾತ್ರ ಹೇಳಿದರು. ತೀರ್ಪುಗಾರರು ತಮ್ಮ ದೇಶಕ್ಕೇ ಓಟು ಹಾಕಬಹುದಿತ್ತು. ಲಕ್ಸೆಂಬರ್ಗಿನ ತೀರ್ಪುಗಾರರು ಬರಲಿಲ್ಲ ಅಂತ ಅವರ ಓಟನ್ನೂ ಸ್ವಿಟ್ಜರ್ಲೆಂಡಿನವರೇ ಹಾಕಿದರು. ಗೆದ್ದ ದೇಶ ಯಾವುದು ಅಂತೀರಾ? ಸ್ವಿಟ್ಜರ್ಲೆಂಡ್! ಹಾಡು ನಿಜಕ್ಕೂ ಚೆನ್ನಾಗಿತ್ತೋ ಏನೋ, ಆದರೆ ಅನುಮಾನ ಇವತ್ತಿನವರೆಗೂ ಉಳಿದುಹೋಯಿತು. ನಮ್ಮ ಕಳೆದ ವರ್ಷದ ಲಕೋಟೆಗೂ ಇದಕ್ಕೂ ಏನು ವ್ಯತ್ಯಾಸ?

ಅಲ್ಲಿಂದ ಮುಂದೆ ಅವರು ಒಂದೊಂದೇ ತೂತು ಮುಚ್ಚುತ್ತಾ ಬಂದರು. ತಮ್ಮ ದೇಶಕ್ಕೆ ತಾವೇ ಓಟು ಹಾಕೋ ಹಾಗಿಲ್ಲ ಅಂದರು. 1969ರಲ್ಲಿ ನಾಲ್ಕು ದೇಶಗಳಿಗೆ ಸಮ ಅಂಕ ಬಂತು. ಟೈ ಆದರೆ ಏನು ಅನ್ನೋ ನಿಯಮವೇ ಇರಲಿಲ್ಲ. ನಾಲ್ವರನ್ನೂ ಗೆದ್ದವರು ಅಂತ ಘೋಷಿಸಿ ಕೈ ತೊಳೆದುಕೊಂಡರು. ಆಮೇಲೆ ಟೈ ನಿಯಮ ಬಂತು. ಫೋನ್ ಓಟು ಬಂತು, ಬಂದ ಮೇಲೆ ತೀರ್ಪುಗಾರರು ಹೋದರು, ಮತ್ತೆ ವಾಪಸ್ ಬಂದರು. ಈಗ ಫೈನಲ್‌ನಲ್ಲಿ ಅರ್ಧ ಭಾರ ತೀರ್ಪುಗಾರರದ್ದು, ಅರ್ಧ ಜನರದ್ದು. 2016ರಿಂದ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ. ಮೊದಲು ಎಲ್ಲಾ ದೇಶದ ತೀರ್ಪುಗಾರರ ಅಂಕ, ಕೊನೆಯಲ್ಲಿ ಜನರ ಅಂಕ. ಕಾರ್ಯಕ್ರಮ ಮುಗಿದ ಮೇಲೆ ಯಾವ ತೀರ್ಪುಗಾರ ಯಾವ ಹಾಡನ್ನ ಎಷ್ಟನೇ ಸ್ಥಾನದಲ್ಲಿ ಇಟ್ಟ ಅನ್ನೋದನ್ನೂ ಪ್ರಕಟಿಸುತ್ತಾರೆ. ಪೂರ್ತಿ ಶೀಟು. ಸುಮ್ಮನೆ ಬೈಯೋ ಬದಲು ಲೆಕ್ಕ ಹಾಕಿ ಬೈಯಬಹುದು!

ಇದರಲ್ಲಿ 2023ರ ವರ್ಷ ನಮ್ಮ ಚರ್ಚೆಗೆ ಹೇಳಿ ಮಾಡಿಸಿದ ಹಾಗಿದೆ. ಹಿಂದಿನ ವರ್ಷ ಗೆದ್ದದ್ದು ಉಕ್ರೇನ್. ಗೆದ್ದ ದೇಶದಲ್ಲೇ ಮುಂದಿನ ಸ್ಪರ್ಧೆ ಅನ್ನೋದು ರೂಢಿ, ಆದರೆ ಅಲ್ಲಿ ಯುದ್ಧ. ಹಾಗಾಗಿ ಎರಡನೇ ಸ್ಥಾನದಲ್ಲಿದ್ದ ಬ್ರಿಟನ್ ತನ್ನ ಲಿವರ್‌ಪೂಲಿನಲ್ಲಿ ಉಕ್ರೇನ್ ಪರವಾಗಿ ನಡೆಸಿಕೊಟ್ಟಿತು. ಫೈನಲ್ ಮೇ 13ಕ್ಕೆ. ಫಿನ್ಲೆಂಡಿನ ಕ್ಯಾರಿಯಾ ಅನ್ನೋ ಗಾಯಕ ಹಸಿರು ಬಣ್ಣದ ಉಬ್ಬಿದ ತೋಳಿನ ಜಾಕೆಟ್ ಹಾಕಿಕೊಂಡು ಫಿನ್ನಿಶ್ ಭಾಷೆಯಲ್ಲಿ 'ಚಾ ಚಾ ಚಾ' ಅಂತ ಒಂದು ಹಾಡು ಹಾಡಿದ. ಅರ್ಧ ರ‍್ಯಾಪ್, ಅರ್ಧ ಕುಣಿತ. ಹಾಲಿನಲ್ಲಿದ್ದ ಜನ ಬೇರೆಯವರ ಅಂಕ ಹೇಳುವಾಗಲೂ ಅವನ ಹಾಡಿನ ಹೆಸರನ್ನೇ ಕೂಗುತ್ತಿದ್ದರು. ಎದುರಿಗೆ ಸ್ವೀಡನ್ನಿನ ಲೊರೀನ್. 2012ರಲ್ಲಿ ಒಮ್ಮೆ ಗೆದ್ದವಳು, ಪಳಗಿದ ಗಾಯಕಿ, ಇಂಗ್ಲಿಷ್ ಹಾಡು.

ಜನರು ಕ್ಯಾರಿಯಾಗೆ ಕೊಟ್ಟದ್ದು 376 ಅಂಕ, ಲೊರೀನ್‌ಗೆ 243. ತೀರ್ಪುಗಾರರು ಲೊರೀನ್‌ಗೆ ಕೊಟ್ಟದ್ದು 340, ಕ್ಯಾರಿಯಾಗೆ 150. ಕೂಡಿ ನೋಡಿ: 583, 526. ಲೊರೀನ್ ಗೆದ್ದಳು, ಎರಡು ಸಲ ಗೆದ್ದ ಮೊದಲ ಮಹಿಳೆಯಾದಳು. ಯುರೋಪಿನ ಅರ್ಧ ಜನ ರಾತ್ರಿಯಿಡೀ ತೀರ್ಪುಗಾರರಿಗೆ ಶಾಪ ಹಾಕಿದರು. ನಮ್ಮ ಸರಿಗಮಪ ಜಗಳದ ದೊಡ್ಡಣ್ಣ ಅನ್ನಬಹುದು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಜಗಳ ಆಡೋಕೆ ಎಲ್ಲರ ಕೈಯಲ್ಲೂ ನಂಬರ್ ಇತ್ತು. ಜನರ ಮನಸ್ಸು ಯಾರ ಕಡೆ, ಸಂಗೀತ ಬಲ್ಲವರ ಮನಸ್ಸು ಯಾರ ಕಡೆ ಅನ್ನೋದು ಬಿಡಿಬಿಡಿಯಾಗಿ ಗೊತ್ತಾಯಿತು. ಕ್ಯಾರಿಯಾ ಸೋತರೂ 'ಜನರ ಮೊದಲ ಆಯ್ಕೆ ನಾನೇ' ಅನ್ನೋ ಮಾತನ್ನ ಯಾರೂ ಅವನಿಂದ ಕಿತ್ತುಕೊಳ್ಳೋಕೆ ಆಗೋದಿಲ್ಲ. ಕಳೆದ ವರ್ಷ ನಮ್ಮ ಹಾಲನ್ನ ಕುಣಿಸಿ ಸಮಾಧಾನಕರ ಬಹುಮಾನ ತಗೊಂಡು ಹೋದ ಆ ಜೂನಿಯರ್ ಕೈಯಲ್ಲಿ ಅಂಥದ್ದೇನಿದೆ? ಒಂದು ಸರ್ಟಿಫಿಕೇಟು, ಅದರಲ್ಲೂ ಹೆಸರಿನ ಸ್ಪೆಲಿಂಗ್ ತಪ್ಪು.

ಈಗ ಕ್ಯೂಆರ್ ಕೋಡಿಗೆ ಬರೋಣ. ಬರೀ ಓಟು ಅಂದ್ರೆ ನಮ್ಮ ಕಾಲೇಜಿನಲ್ಲಿ ಏನಾಗುತ್ತೆ? ಹಾಡು ಶುರುವಾಗೋ ಮೊದಲೇ ಫಲಿತಾಂಶ ಹೇಳಬಹುದು. ಒಂದು ಬ್ರಾಂಚಿನಲ್ಲಿ ನಾಲ್ಕು ಸೆಕ್ಷನ್, 240 ಜನ. ಇನ್ನೊಂದರಲ್ಲಿ 30 ಜನ ಅಂತ ಇಟ್ಕೊಳ್ಳಿ. (ಯಾವ ಬ್ರಾಂಚ್ ಅಂತ ಹೆಸರು ಹೇಳಿ ಮೆಕ್ಯಾನಿಕಲ್ ಗೆಳೆಯರ ಹೊಟ್ಟೆ ಉರಿಸೋದಿಲ್ಲ.) ದೊಡ್ಡ ಬ್ರಾಂಚಿನ ಮುಕ್ಕಾಲು ಜನ 'ನಮ್ಮ ಹುಡುಗ' ಅಂತ ಒತ್ತಿದರೆ 180 ಓಟು. ಸಣ್ಣ ಬ್ರಾಂಚಿನ ಹುಡುಗಿ ಸಾಕ್ಷಾತ್ ಗಂಗೂಬಾಯಿ ಹಾನಗಲ್ ಥರ ಹಾಡಿದರೂ, ಅವಳ ಕ್ಲಾಸಿನವರೆಲ್ಲ ಒತ್ತಿದರೂ, ಮೇಲೆ ಬೇರೆ ಬ್ರಾಂಚಿನ ನೂರು ಜನ ಒತ್ತಿದರೂ 130. ಹಾಡಿನ ಸ್ಪರ್ಧೆ ಅಂತ ಬೋರ್ಡು, ಒಳಗೆ ನಡೆಯೋದು ತಲೆ ಎಣಿಕೆ. ಹಾಗಾದರೆ ಅಡ್ಮಿಷನ್ ರಿಜಿಸ್ಟರ್ ನೋಡಿ ಟ್ರೋಫಿ ಕೊಟ್ಟುಬಿಡೋದು ಸುಲಭ, ಮೈಕಿನ ಬಾಡಿಗೆಯಾದರೂ ಉಳಿಯುತ್ತೆ.

ಯೂರೋವಿಷನ್‌ನವರು ಇದಕ್ಕೂ ದಾರಿ ಕಂಡುಕೊಂಡಿದ್ದಾರೆ. ಜರ್ಮನಿಯ ಜನಸಂಖ್ಯೆ 8 ಕೋಟಿ ದಾಟಿದೆ. ಸ್ಯಾನ್ ಮರಿನೋ ಅನ್ನೋ ದೇಶದ ಜನಸಂಖ್ಯೆ ಸುಮಾರು 34 ಸಾವಿರ. ಭದ್ರಾವತಿ ಪೇಟೆಯ ಒಂದಿಷ್ಟು ವಾರ್ಡು ಸೇರಿಸಿದರೆ ಅಷ್ಟಾಗುತ್ತೆ. ಆದರೆ ಎರಡೂ ದೇಶದ ಕಡೆಯಿಂದ ಬರೋ ಅಂಕ ಒಂದೇ ಪಟ್ಟಿ: ಮೊದಲನೇ ಆಯ್ಕೆಗೆ 12, ಎರಡನೇದಕ್ಕೆ 10, ಆಮೇಲೆ 8ರಿಂದ 1ರವರೆಗೆ. ಒಳಗೆ ಎಷ್ಟು ಲಕ್ಷ ಓಟು ಬಿದ್ದರೂ ಹೊರಗೆ ಬರೋದು ಇಷ್ಟೇ. ತಮ್ಮ ದೇಶಕ್ಕೆ ತಾವು ಕೊಡೋ ಹಾಗಿಲ್ಲ.

ಇದನ್ನ ನಮ್ಮ ಕಡೆಗೆ ತಿರುಗಿಸಿ. ದೇಶ ಅನ್ನೋ ಕಡೆ ಬ್ರಾಂಚ್ ಅಂತ ಓದಿಕೊಳ್ಳಿ. 6 ಬ್ರಾಂಚ್ ಇದ್ದರೆ ಪ್ರತಿಯೊಬ್ಬ ಹಾಡುಗಾರನಿಗೂ ಅವನ ಬ್ರಾಂಚ್ ಬಿಟ್ಟು 5 ಬ್ರಾಂಚಿನಿಂದ ಅಂಕ ಬರುತ್ತೆ, ಹೆಚ್ಚೆಂದರೆ 60. 5 ಜನ ಜಡ್ಜ್ ಕೂತು ಅವರೂ ಇದೇ 12, 10, 8 ಪಟ್ಟಿಯಲ್ಲಿ ಕೊಟ್ಟರೆ ಹೆಚ್ಚೆಂದರೆ 60. ಅರ್ಧ ಅರ್ಧ, ಒಟ್ಟು 120. ಕ್ಯಾಲ್ಕುಲೇಟರ್ ಕೂಡ ಬೇಡ.

ದೊಡ್ಡ ಬ್ರಾಂಚಿನವರು ತಕ್ಷಣ ಏಳುತ್ತಾರೆ, ನಮಗೆ ಗೊತ್ತು: "ಹಾಗಾದ್ರೆ 30 ಜನರ ಬ್ರಾಂಚಿನ ಒಬ್ಬನ ಓಟು ನಮ್ಮ 8 ಜನರ ಓಟಿಗೆ ಸಮ ಆಯ್ತಲ್ಲ, ಇದ್ಯಾವ ನ್ಯಾಯ?" ಲೆಕ್ಕ ಸರಿಯಾಗೇ ಇದೆ. ಎಂಎಲ್‌ಎ ಆರಿಸುವಾಗ ಹೀಗೆ ಮಾಡಿದರೆ ನಾವೂ ಒಪ್ಪೋದಿಲ್ಲ. ಆದರೆ ಇಲ್ಲಿ ನಾವು ಯಾರನ್ನೂ ಆಳೋಕೆ ಆರಿಸುತ್ತಿಲ್ಲ. ನಿಮ್ಮ ಹುಡುಗ ನಿಜಕ್ಕೂ ಚೆನ್ನಾಗಿ ಹಾಡಿದ್ದರೆ ಉಳಿದ 5 ಬ್ರಾಂಚಿನವರೂ ಅದನ್ನ ಹೇಳುತ್ತಾರೆ. ಹೇಳದಿದ್ದರೆ, ನಿಮ್ಮ 180 ಓಟು ಅವನ ಗಂಟಲಿಗೆ ಬಿದ್ದದ್ದಾ, ಅವನ ಐಡಿ ಕಾರ್ಡಿನ ಬಣ್ಣಕ್ಕಾ? ಇಷ್ಟಾದರೂ ಸಿವಿಲ್ ಮೆಕ್ಯಾನಿಕಲ್ ದೋಸ್ತಿ ಸೇರಿ ಒಬ್ಬರಿಗೊಬ್ಬರು 12 ಕೊಟ್ಟುಕೊಳ್ಳೋದನ್ನ ತಪ್ಪಿಸೋಕೆ ಆಗೋದಿಲ್ಲ. ಗ್ರೀಸ್ ಮತ್ತು ಸೈಪ್ರಸ್ ದಶಕಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿವೆ, ಪ್ರತಿ ವರ್ಷ ಎಲ್ಲರೂ ನಗುತ್ತಾರೆ. ಅದಕ್ಕೇ ಇನ್ನರ್ಧ ಜಡ್ಜ್‌ಗಳ ಕೈಯಲ್ಲಿ ಇರಲಿ ಅನ್ನೋದು.

ಒಂದೇ ಫೋನಿನಿಂದ ಎಷ್ಟು ಓಟು ಅನ್ನೋದೂ ಸಣ್ಣ ವಿಷಯ ಅಲ್ಲ. ಗೂಗಲ್ ಫಾರ್ಮ್ ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೆ ನಾಲ್ಕು ಮೇಲ್ ಐಡಿ. ಯೂರೋವಿಷನ್‌ನಲ್ಲಿ ಒಬ್ಬರು 20 ಓಟಿನವರೆಗೆ ಹಾಕಬಹುದಿತ್ತು. 2025ರಲ್ಲಿ ಬಾಸೆಲ್ ನಗರದ ಸ್ಪರ್ಧೆಯಲ್ಲಿ ಜನರ ಓಟಿನಲ್ಲಿ ಇಸ್ರೇಲ್ 297 ಅಂಕದೊಂದಿಗೆ ಮೊದಲು ಬಂತು, ಗೆದ್ದದ್ದು ಆಸ್ಟ್ರಿಯಾ. ಓಟಿಗಾಗಿ ನಡೆದ ಜಾಹೀರಾತು ಪ್ರಚಾರದ ಬಗ್ಗೆ ಹಲವು ದೇಶಗಳ ಟಿವಿ ಸಂಸ್ಥೆಗಳು ತಕರಾರು ಎತ್ತಿದವು. 2026ರ ವಿಯೆನ್ನಾ ಸ್ಪರ್ಧೆಗೆ 20 ಅನ್ನೋದನ್ನ 10ಕ್ಕೆ ಇಳಿಸಿ, ಸೆಮಿಫೈನಲ್‌ಗೂ ತೀರ್ಪುಗಾರರನ್ನ ವಾಪಸ್ ತಂದರು. ಅಷ್ಟು ದುಡ್ಡು, ಅಷ್ಟು ಟೆಕ್ನಾಲಜಿ ಇಟ್ಟುಕೊಂಡವರೇ ಬರೀ ಓಟಿನಿಂದ ಹಿಂದೆ ಬರುತ್ತಿರುವಾಗ ನಾವು ಯಾಕೆ ಆ ಹೊಂಡಕ್ಕೆ ಓಡಿಹೋಗಿ ಬೀಳಬೇಕು?

ಜಡ್ಜ್‌ಗಳನ್ನ ಹೊಗಳುತ್ತಿದ್ದೇವೆ ಅಂದ್ಕೋಬೇಡಿ. ಸಂಗೀತ ಗೊತ್ತಿಲ್ಲದಿದ್ದರೂ ಸೀನಿಯರ್ ಪ್ರೊಫೆಸರ್ ಅನ್ನೋ ಕಾರಣಕ್ಕೆ ಕೂರಿಸೋದು, ಸನ್ಮಾನ ಮಾಡಬೇಕಿದ್ದವರನ್ನ ಜಡ್ಜ್ ಮಾಡಿ ಎರಡೂ ಕೆಲಸ ಒಂದೇ ಶಾಲಿನಲ್ಲಿ ಮುಗಿಸೋದು, ಇದೆಲ್ಲಾ ನಿಲ್ಲಬೇಕು. ನಮ್ಮ ಜಿಲ್ಲೆಯಲ್ಲಿ ಹಾಡು ಬಲ್ಲವರಿಗೆ ಬರವೇ? 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಈ ನೆಲದವರು. ಎಸ್‌ಪಿಬಿ ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದ ಹೆಸರು ಕೇಳಿದರೇ ನೆನಪಾಗೋ ಕವಿ ಜಿ.ಎಸ್. ಶಿವರುದ್ರಪ್ಪ ನಮ್ಮ ಶಿಕಾರಿಪುರದ ಕಡೆಯವರು. ಭದ್ರಾವತಿಯಲ್ಲಿ ಆಕಾಶವಾಣಿ ಇದೆ. ಆಡಿಷನ್ ಕೊಟ್ಟು ಗ್ರೇಡ್ ತಗೊಂಡು ಹಾಡೋ ಕಲಾವಿದರು ಸುತ್ತಮುತ್ತ ಇದ್ದಾರೆ. ಭಜನೆ ಹೇಳಿಕೊಡೋರು, ಡೊಳ್ಳಿನ ತಂಡದ ಹಾಡುಗಾರರು, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದವರು, ಎಲ್ಲರೂ ಇದ್ದಾರೆ. 5 ಜನರನ್ನ ಕರೆದರೆ 5 ಕಿವಿಯೂ ಬೇರೆ ಬೇರೆ ಇರಲಿ. ಶಾಸ್ತ್ರೀಯ ಒಬ್ಬರು, ಜನಪದ ಒಬ್ಬರು, ಸುಗಮ ಸಂಗೀತ ಒಬ್ಬರು. ಐವರೂ ಆಲಾಪಕ್ಕೇ ತಲೆದೂಗೋರಾದರೆ ತಾಂಡಾದ ಹುಡುಗ ಬಂದು ಹಾಡಿ ಏನು ಪ್ರಯೋಜನ?

ತಾಂಡಾದ ಮಾತು ಬಂದಾಗ ಇನ್ನೊಂದು ವಿಚಾರ ಹೇಳಬೇಕು. ಹಾಡಿನ ಸ್ಪರ್ಧೆಯಲ್ಲಿ ನಾವು ಹಾಡಿಗೆ ಮಾತ್ರ ಓಟು ಹಾಕುತ್ತೇವೆ ಅನ್ನೋದು ಶುದ್ಧ ಸುಳ್ಳು. 2017ರಲ್ಲಿ ಇದೇ ಸರಿಗಮಪ ವೇದಿಕೆಯಲ್ಲಿ ನಮ್ಮ ಜಿಲ್ಲೆಯ ಸಾಗರದ ಸುಹಾನಾ ಸಯ್ಯದ್ ಹಿಜಾಬ್ ಧರಿಸಿ, 'ಗಜ' ಚಿತ್ರದ ಒಂದು ಭಕ್ತಿಗೀತೆ ಹಾಡಿದರು. ಒಂದು ಫೇಸ್‌ಬುಕ್ ಪುಟದಲ್ಲಿ ಅವರ ಮೇಲೆ, ಅವರ ಹೆತ್ತವರ ಮೇಲೆ ಕೆಟ್ಟದಾಗಿ ಬರೆದರು. ಇನ್ನೊಂದು ಕಡೆ ಸೌಹಾರ್ದದ ಸಂಕೇತ ಅಂತ ಹೊತ್ತು ಮೆರೆಸಿದರು. ದೆಹಲಿಯ ಚಾನೆಲ್‌ಗಳವರೆಗೂ ಸುದ್ದಿ ಹೋಯಿತು. ಬೈದವರು ತಪ್ಪು ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗಳಿದವರಲ್ಲಿ ಎಷ್ಟು ಜನ ಆ ಹುಡುಗಿಯ ಶ್ರುತಿ ಬಗ್ಗೆ, ಉಸಿರು ತಗೊಂಡ ಜಾಗದ ಬಗ್ಗೆ, ಹಾಡಿನ ಭಾವದ ಬಗ್ಗೆ ಒಂದು ಮಾತು ಆಡಿದರು? ಹಾಡೋಕೆ ಬಂದವಳು ಸಾಗರದ ಒಬ್ಬ ಗಾಯಕಿಯಾಗಿ ಉಳಿಯಲೇ ಇಲ್ಲ, ಎರಡೂ ಕಡೆಯವರ ಬಾಯಲ್ಲಿ ಒಂದು ವಿಷಯವಾಗಿಬಿಟ್ಟಳು. ಹನುಮಂತಣ್ಣನಿಗೂ ಅದೇ ಆಗಿತ್ತು: ಲುಂಗಿ, ಕುರಿ, 'ಪಾಪ, ಮುಗ್ಧ'. ಅವರ ಗಂಟಲಿನಲ್ಲಿದ್ದ ಆ ಬಯಲಿನ ದನಿ, ಪದವನ್ನ ಎಳೆದು ಬಿಡೋ ರೀತಿ, ಇದರ ಬಗ್ಗೆ ಮಾತಾಡಿದವರು ಕಡಿಮೆ. 'ಪಾಪ' ಅಂತ ಹಾಕೋ ಓಟೂ ಹಾಡು ಕೇಳದೇ ಹಾಕೋ ಓಟೇ.

ಈಗ ನಿಯಮಾವಳಿಯಲ್ಲಿ ಯಾರೂ ಚರ್ಚೆ ಮಾಡದ ಒಂದು ಸಾಲಿದೆ: 'ಕರೋಕೆ ಟ್ರ್ಯಾಕ್ ಕಡ್ಡಾಯ'. ಓಟಿಗಿಂತ ದೊಡ್ಡ ಅನ್ಯಾಯ ಇಲ್ಲಿದೆ ಅಂತ ನಮಗನ್ನಿಸುತ್ತೆ. ಟ್ರ್ಯಾಕ್ ಸಿಗೋದು ಸಿನಿಮಾ ಹಾಡಿಗೆ, ಅದರಲ್ಲೂ ಈಚಿನ ಹಾಡಿಗೆ. ಹೊಳೆಹೊನ್ನೂರಿನ ಮಠದಲ್ಲಿ ಆರಾಧನೆಯ ಹೊತ್ತಿಗೆ ಕೇಳೋ ದಾಸರ ಪದಕ್ಕೆ, ಗದ್ದೆ ನಾಟಿಯಲ್ಲಿ ಅಜ್ಜಿ ಹೇಳುತ್ತಿದ್ದ ಪದಕ್ಕೆ, ಕೋಲಾಟದ ಪದಕ್ಕೆ ಯಾವ ಆ್ಯಪಿನಲ್ಲಿ ಟ್ರ್ಯಾಕ್ ಇದೆ? ಹಾಗಾಗಿ ಕನ್ನಡ ಸಂಘದ ಸ್ಪರ್ಧೆ ಅಂತ ಹೆಸರು, ಹಾಡೋದು ಮಾತ್ರ ಕಳೆದ ಎರಡು ವರ್ಷದ ಎಂಟು ಸಿನಿಮಾ ಹಾಡು, ಅದನ್ನೇ ಇಪ್ಪತ್ತು ಜನ. ಜಡ್ಜ್‌ಗಳಿಗೆ ಮೂರನೇ ಸಲಕ್ಕೆ ಅದೇ ಇಂಟ್ರೋ ಮ್ಯೂಸಿಕ್ ಬಂದಾಗ ಮುಖ ಹೇಗಾಗುತ್ತೆ ಅಂತ ಮುಂದಿನ ಸಾಲಿನಲ್ಲಿ ಕೂತವರಿಗೆ ಗೊತ್ತು. ಸಿನಿಮಾ ಹಾಡು ಕೀಳು ಅಂತಲ್ಲ, ನಾವೂ ಅದನ್ನ ಕೇಳಿಕೊಂಡೇ ಬೆಳೆದವರು. ಅದೊಂದೇ ಯಾಕೆ ಅನ್ನೋದು ಪ್ರಶ್ನೆ.

ಇದರ ಬಗ್ಗೆಯೂ ಯೂರೋವಿಷನ್ನಿನಲ್ಲಿ ಒಂದು ಕಥೆ ಇದೆ. ದೇಶದ ಭಾಷೆಯಲ್ಲೇ ಹಾಡಬೇಕು ಅನ್ನೋ ನಿಯಮ ಬಹಳ ವರ್ಷ ಇತ್ತು. 1973ರಿಂದ 76ರವರೆಗೆ ಬಿಟ್ಟಿದ್ದರು. ಆ ಸಂದಿಯಲ್ಲೇ, 1974ರಲ್ಲಿ, ಸ್ವೀಡನ್ನಿನ ಆಬ್ಬಾ ತಂಡ ಇಂಗ್ಲಿಷ್ ಹಾಡು ಹಾಡಿ ಗೆದ್ದು ಜಗತ್ತಿಗೆಲ್ಲ ಗೊತ್ತಾಯಿತು. 1999ರಿಂದ ನಿಯಮ ಪೂರ್ತಿ ತೆಗೆದುಹಾಕಿದರು. ಬಹಳಷ್ಟು ದೇಶಗಳು ಇಂಗ್ಲಿಷಿಗೆ ಓಡಿದವು, ಗೆಲ್ಲೋಕೆ ಅದೇ ದಾರಿ ಅಂತ. ಆದರೆ 2017ರಲ್ಲಿ ಪೋರ್ಚುಗಲ್ಲಿನ ಸಾಲ್ವದೋರ್ ಸೊಬ್ರಾಲ್ ಬೆಂಕಿ, ಡಾನ್ಸು ಏನೂ ಇಲ್ಲದೆ ನಿಂತ ಕಡೆಯೇ ನಿಂತು, ಪೋರ್ಚುಗೀಸಿನಲ್ಲಿ, ಅವರ ಅಕ್ಕ ಬರೆದ ಹಾಡು ಹಾಡಿದರು. 758 ಅಂಕ. ಜನರೂ ಮೊದಲ ಸ್ಥಾನ ಕೊಟ್ಟರು, ತೀರ್ಪುಗಾರರೂ ಕೊಟ್ಟರು. 2021ರಲ್ಲಿ ಇಟಾಲಿಯನ್ ಹಾಡು, 2022ರಲ್ಲಿ ಉಕ್ರೇನಿಯನ್ ಹಾಡು ಗೆದ್ದವು. ಕೇಳಿದವರಲ್ಲಿ ಹೆಚ್ಚಿನವರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ.

ಇಲ್ಲಿ ನಮ್ಮೊಳಗೇ ಒಮ್ಮತ ಇಲ್ಲದ ಒಂದು ವಿಷಯ ಇದೆ, ಮುಚ್ಚಿಡೋದು ಬೇಡ. ಈ ವರ್ಷ ಹೆಸರು ಕೊಡೋಕೆ ಬಂದ ಫಸ್ಟ್ ಇಯರ್ ಹುಡುಗಿಯೊಬ್ಬಳು ತನ್ನ ಅಜ್ಜಿ ಹೇಳಿಕೊಟ್ಟ ಲಂಬಾಣಿ ಹಾಡು ಹಾಡಬಹುದಾ ಅಂತ ಕೇಳಿದಳು. ಮೇಜಿನ ಹತ್ತಿರ ಕೂತಿದ್ದವರು "ಇದು ಕನ್ನಡ ಸಂಘ ಕಣಮ್ಮಾ" ಅಂದರು. ಅವಳು "ಸರಿ ಅಕ್ಕಾ" ಅಂತ ಹೋದಳು, ಹೆಸರು ಬರೆಸಲಿಲ್ಲ. ನಮ್ಮಲ್ಲಿ ಇಬ್ಬರ ವಾದ: ವರ್ಷದಲ್ಲಿ ಒಂದು ದಿನ ಕನ್ನಡಕ್ಕೆ ಅಂತ ಇರೋದು, ಅದರಲ್ಲೂ ಬಿಟ್ಟುಕೊಟ್ಟರೆ ನಾಳೆ ಹಿಂದಿ ಹಾಡಿಗೂ ಬಾಗಿಲು ತೆಗೆಯಬೇಕಾಗುತ್ತೆ. ಈ ಭಯ ಸುಳ್ಳಲ್ಲ. ಫ್ರೆಷರ್ಸ್ ಡೇಗೆ ಕನ್ನಡ ಹಾಡು ಹಾಕಿಸೋಕೆ ಎಷ್ಟು ಜಗಳ ಆಡಬೇಕು ಅಂತ ಎಲ್ಲರಿಗೂ ಗೊತ್ತಿದೆ. ಉಳಿದವರ ವಾದ: ಲಂಬಾಣಿ, ತುಳು, ಬ್ಯಾರಿ, ಕೊಡವ, ಇವೆಲ್ಲ ಈ ನೆಲದಲ್ಲೇ ಕನ್ನಡದ ಜೊತೆ ಬಾಳಿದ ಮಾತುಗಳು, ಇವಕ್ಕೆ ಬೇರೆ ವೇದಿಕೆ ಎಲ್ಲಿದೆ? ಹಿಂದಿಗೆ ಮುಂಬೈಯೇ ಇದೆ. ಕನ್ನಡ ಸಂಘ ಬಾಗಿಲು ಹಾಕಿದರೆ ಆ ಹಾಡು ಆ ಅಜ್ಜಿಯ ಜೊತೆಗೇ ಹೋಗುತ್ತೆ. ಬಹಳ ಹೊತ್ತು ಮಾತಾಡಿದ ಮೇಲೆ ಹೆಚ್ಚಿನವರು ಎರಡನೇ ಕಡೆ ಬಂದೆವು: ಹಾಡೋ ಮೊದಲು ಕನ್ನಡದಲ್ಲಿ ಎರಡು ಮಾತು, ಇದು ಯಾವ ಹಾಡು, ಯಾವಾಗ ಹಾಡೋದು ಅಂತ ಹೇಳಿ ಹಾಡಲಿ. ಒಪ್ಪದ ಆ ಇಬ್ಬರು ಇನ್ನೂ ಒಪ್ಪಿಲ್ಲ. ಅವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ನಾವು ಓದುತ್ತೇವೆ.

ಶುಕ್ರವಾರ ಸಂಜೆ ಕಮಿಟಿ ಮೀಟಿಂಗ್ ಇದೆ. ನಾವು ಕೇಳಬೇಕು ಅಂತಿರೋದು ಇಷ್ಟು. ಮೊದಲ ಸುತ್ತು ಟ್ರ್ಯಾಕ್ ಇಲ್ಲದೆ, ಬೇಕಿದ್ದರೆ ಒಂದು ಶ್ರುತಿಪೆಟ್ಟಿಗೆ ಅಥವಾ ಒಂದು ತಮಟೆ, ಎರಡು ನಿಮಿಷ. ಫೈನಲ್‌ನಲ್ಲಿ ಅವರಿಗೆ ಇಷ್ಟ ಬಂದದ್ದು, ಟ್ರ್ಯಾಕ್ ಇರಲಿ ಬಿಡಲಿ. ಜಡ್ಜ್‌ಗಳು 5 ಜನ, ಹೊರಗಿನವರು. ಅವರ ಅಂಕ ಮೊದಲು ಓದೋದು, ಬ್ರಾಂಚ್‌ಗಳ ಅಂಕ ಆಮೇಲೆ, ಎಲ್ಲರ ಮುಂದೆ, ಬೋರ್ಡಿನ ಮೇಲೆ ಬರೆಯುತ್ತಾ. ಸಮ ಬಂದರೆ ಹೆಚ್ಚು ಬ್ರಾಂಚ್‌ಗಳಿಂದ ಅಂಕ ಪಡೆದವರು ಮುಂದೆ. ಅದೂ ಸಮ ಬಂದರೆ ಇಬ್ಬರಿಗೂ ಟ್ರೋಫಿ, 1969ರಲ್ಲಿ ನಾಲ್ವರಿಗೆ ಕೊಟ್ಟಿದ್ದಾರೆ, ನಮಗೇನು ಕಷ್ಟ. ಮಾರನೇ ದಿನ ಪೂರ್ತಿ ಶೀಟು ನೋಟಿಸ್ ಬೋರ್ಡಿಗೆ, ಜಡ್ಜ್‌ಗಳ ಒಪ್ಪಿಗೆ ಮೊದಲೇ ಪಡೆದು. ಜನರ ಓಟಿನಲ್ಲಿ ಮೊದಲು ಬಂದವರಿಗೆ ಗೆಲ್ಲಲಿ ಸೋಲಲಿ ಬೇರೆ ಒಂದು ಬಹುಮಾನ, ಹೆಸರಿನ ಸ್ಪೆಲಿಂಗ್ ಸರಿಯಾಗಿ.

ಕ್ಯೂಆರ್ ಕೋಡ್ ಬೇಡ. ಬಾಗಿಲಲ್ಲಿ ಯುಎಸ್‌ಎನ್ ನೋಡಿ ಒಬ್ಬರಿಗೆ ಒಂದು ಚೀಟಿ, ಬ್ರಾಂಚಿಗೆ ಒಂದು ಬಣ್ಣ. ಸ್ಟೇಷನರಿ ಅಂಗಡಿಯಲ್ಲಿ ವಿಚಾರಿಸಿದ್ದೇವೆ, ಆರು ಬಣ್ಣದ ಕಾಗದ ಸಿಗುತ್ತೆ. ಎಣಿಸೋಕೆ ನಾವು ಕೂರುತ್ತೇವೆ, ದೊಡ್ಡ ಬ್ರಾಂಚಿನವರೂ ಇಬ್ಬರು ಬಂದು ಪಕ್ಕದಲ್ಲೇ ಕೂರಲಿ. ಹೆಸರು ಕೊಡೋಕೆ ಇನ್ನೂ ನಾಲ್ಕು ದಿನ ಇದೆ. ಆ ಫಸ್ಟ್ ಇಯರ್ ಹುಡುಗಿ ಇದನ್ನ ಓದಿದರೆ ಶನಿವಾರ ಮಧ್ಯಾಹ್ನ ಲೈಬ್ರರಿ ಹತ್ತಿರ ಬಾ ಅಂತ ಕೇಳಿಕೊಳ್ಳುತ್ತೇವೆ. ಮೀಟಿಂಗಿನಲ್ಲಿ ಏನಾಯಿತು ಅಂತ ನಾವೇ ಹೇಳುತ್ತೇವೆ.